ಮೂತ್ರಪಿಂಡಗಳ ಹಗಲೂ ಇರುಳೂ

ನಮ್ಮ ಬೊಮ್ಮಸಂದ್ರದಲ್ಲಿ ಕಾರ್ಖಾನೆಗಳ ದೀಪಗಳು ಇರುಳೆಲ್ಲ ಉರಿಯುತ್ತವೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಅಲ್ಲಿಯೂ, ಎಲೆಕ್ಟ್ರಾನಿಕ್ ಸಿಟಿಯ ಕಛೇರಿಗಳಲ್ಲಿಯೂ, ಆಸ್ಪತ್ರೆಗಳಲ್ಲಿಯೂ ರಾತ್ರಿಪಾಳಿಯಲ್ಲಿ ದುಡಿಯುತ್ತಿರುವರು. ಅವರಿಗೂ ಚಿಕ್ಕ ಮಕ್ಕಳ ತಾಯ್ತಂದೆಗಳಿಗೂ ಉಪಯುಕ್ತವಾದೀತೆಂದು ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

ನಮ್ಮ ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸಿ, ಬಹುಪಾಲನ್ನು ಮರಳಿ ರಕ್ತಕ್ಕೇ ಒಪ್ಪಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಈ ಕಾರ್ಯವು ಸದಾ ಒಂದೇ ಸಮನಾಗಿ ನಡೆಯುವುದೆಂದು ಎಣಿಸಬಾರದು. ಸೋಸುವಿಕೆಯು ಹಗಲು ಹೆಚ್ಚು, ಇರುಳು ಕಡಮೆ. ರಾತ್ರಿ ಮಿದುಳಿನಿಂದ ಹೆಚ್ಚಾಗಿ ಬರುವ ವ್ಯಾಸೋಪ್ರೆಸಿನ್ ಎಂಬ ಹಾರ್ಮೋನು, ನೀರನ್ನು ದೇಹದಲ್ಲಿಯೇ ಉಳಿಸಿಕೊಳ್ಳುವಂತೆ ಮೂತ್ರಪಿಂಡಗಳಿಗೆ ಅಪ್ಪಣೆ ಕೊಡುತ್ತದೆ. ಇದು ಕೇವಲ ಮಲಗುವುದರ ಫಲವಲ್ಲ. ದಿನವಿಡೀ ಹಾಸಿಗೆಯಲ್ಲಿದ್ದು, ಸಮಾನ ಅಂತರದಲ್ಲಿ ಆಹಾರ ಸೇವಿಸಿದವರಲ್ಲಿಯೂ ಈ ಏರಿಳಿತ ಕಂಡುಬಂದಿದೆ. ಜೀವಕಣಗಳೊಳಗೇ ಒಂದು ಗಡಿಯಾರವುಂಟು. ಹಣ್ಣಿನ ನೊಣದಲ್ಲಿ ಅದರ ರಚನೆಯನ್ನು ಶೋಧಿಸಿದ ಹಾಲ್, ರಾಸ್‌ಬಾಷ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕಣ್ಣಿಗೆ ಬೀಳುವ ಬೆಳಕು ಮಿದುಳಿನ ಗಡಿಯಾರವನ್ನು ಸರಿಪಡಿಸುತ್ತದೆ. ಅದನ್ನನುಸರಿಸಿ ಮೂತ್ರಪಿಂಡಗಳೂ ನಡೆಯುತ್ತವೆ.

ತಾಯಂದಿರೇ, ದೊಡ್ಡವಳಾದರೂ ಹಾಸಿಗೆ ಒದ್ದೆ ಮಾಡುವ ಮಗಳನ್ನು ಸೋಮಾರಿಯೆನ್ನಬೇಡಿರಿ. ಕೆಲವು ಮಕ್ಕಳಲ್ಲಿ ಈ ಹಾರ್ಮೋನು ರಾತ್ರಿ ಸಾಕಷ್ಟು ಏರುವುದಿಲ್ಲ. ಕೆಲವರಿಗೆ ಮೂತ್ರಕೋಶ ತುಂಬಿದರೂ ಎಚ್ಚರವಾಗುವುದಿಲ್ಲ. ಶಾಲೆಯ ಪ್ರವಾಸಕ್ಕೆ ಬರಲೊಲ್ಲೆನೆಂದು ಅತ್ತ ಹುಡುಗಿಯ ಗುಟ್ಟು ಇದೇ ಆಗಿದ್ದುದನ್ನು ನಾವು ಬಲ್ಲೆವು. ಮನೆಯಲ್ಲಿ ಆಕೆಗೆ ದೊರೆತದ್ದು ಏಟು. ಬೇಕಾಗಿದ್ದುದು ಸಮಾಧಾನದ ಮಾತೂ ವೈದ್ಯರ ಸಲಹೆಯೂ.

ಇನ್ನು ರಾತ್ರಿ ದುಡಿಯುವವರು. ಆರೋಗ್ಯವಂತರಲ್ಲಿ ನಿದ್ರಾಕಾಲದ ರಕ್ತದೊತ್ತಡವು ನೂರಕ್ಕೆ 10ರಿಂದ 20ರಷ್ಟು ತಗ್ಗುತ್ತದೆ. ಹಾಗೆ ತಗ್ಗದವರಲ್ಲಿ ಮೂತ್ರಪಿಂಡಗಳಿಗೆ ಹಾನಿಯಾಗುವ ಸಂಭವ ಹೆಚ್ಚು. ಆದಕಾರಣ ಪಾಳಿ ಮುಗಿಸಿ ಬಂದ ಮಗಳಿಗೆ ಕತ್ತಲೆಯ ಕೋಣೆಯೂ ನಿಶ್ಶಬ್ದವೂ ದೊರೆಯಲಿ. “ಹಗಲು ಮಲಗುವವಳು” ಎಂಬ ಮೂದಲಿಕೆ ಬೇಡ. ಕೆಲಸದ ನಡುವೆ ನೀರು ಕುಡಿಯದೆ, ಮೂತ್ರವನ್ನು ತಡೆದುಕೊಂಡಿರುವುದು ಸಲ್ಲದು. ರಕ್ತದೊತ್ತಡವನ್ನು ಆಗಾಗ್ಗೆ ಪರೀಕ್ಷಿಸಿಕೊಳ್ಳತಕ್ಕದ್ದು.

ಹಗಲನ್ನೂ ಇರುಳನ್ನೂ ಬೇರ್ಪಡಿಸಿದ ದೇವರು ನಮ್ಮ ದೇಹದೊಳಗೂ ಅದೇ ನೇಮವನ್ನಿಟ್ಟಿರುವನು. ಹೊಟ್ಟೆಪಾಡಿಗಾಗಿ ಆ ನೇಮವನ್ನು ಮೀರಬೇಕಾದವಳ ವಿಶ್ರಾಂತಿಯನ್ನು ಕಾಪಾಡುವುದು ಮನೆಮಂದಿಯ ಧರ್ಮ.