ಹಳೆಯ ಗಣಕಯಂತ್ರದಲ್ಲಿ ಆಟಗಳು ತಡವರಿಸುವುದೇಕೆ?

ಮಹಾನಗರದ ಆಸುಪಾಸಿನ ಮಧ್ಯಮವರ್ಗದ ಮನೆಗಳಲ್ಲಿ ಗಣಕಯಂತ್ರವು ಈಗ ಅಪರೂಪದ ವಸ್ತುವಾಗಿ ಉಳಿದಿಲ್ಲ. ಥಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳೂ ಇದಕ್ಕೆ ಹೊರತಲ್ಲ. ಹತ್ತು ಹನ್ನೆರಡು ವರ್ಷಗಳ ಹಿಂದೆ ಹಿರಿಯ ಮಗಳ ವ್ಯಾಸಂಗಕ್ಕೆಂದು ಕೊಂಡ ಯಂತ್ರದಲ್ಲಿ ಇಂದು ತಂದೆ ಬ್ಯಾಂಕಿನ ವ್ಯವಹಾರ ಮಾಡುತ್ತಾರೆ, ತಾಯಿ ಊರಿನ ಬಂಧುಗಳೊಡನೆ ಮಾತನಾಡುತ್ತಾರೆ, ಕಿರಿಯ ಮಗ ಆಟವಾಡುತ್ತಾನೆ. ಪತ್ರ ಬರೆಯಲು, ಲೆಕ್ಕವಿಡಲು ಯಾವ ತಕರಾರನ್ನೂ ಮಾಡದ ಯಂತ್ರವು ಆಟವನ್ನು ತೆರೆದೊಡನೆ ಮಾತ್ರ ಮುಗ್ಗರಿಸತೊಡಗುತ್ತದೆ. ಚಿತ್ರಗಳು ತುಂಡುತುಂಡಾಗಿ ಚಲಿಸುತ್ತವೆ. ಕೀಲಿಯೊತ್ತಿದ ಎಷ್ಟೋ ಹೊತ್ತಿನ ಮೇಲೆ ತೆರೆಯ ಮೇಲಿನ ಆಟಗಾರನು ಹೆಜ್ಜೆಯಿಡುತ್ತಾನೆ. ಆಗ ಮನೆಯಲ್ಲಿ ಹೊಸ ಯಂತ್ರದ ಬೇಡಿಕೆ ಹುಟ್ಟುವುದು ಸಹಜ. ಮನೆಸಾಲದ ಕಂತು, ಶಾಲೆಯ ಶುಲ್ಕ, ಊರಿಗೆ ಕಳುಹಿಸಬೇಕಾದ ಹಣ ಇವೆಲ್ಲವನ್ನೂ ಒಂದೇ ಸಂಬಳದಲ್ಲಿ ಸರಿದೂಗಿಸಬೇಕಾದ ಗೃಹಸ್ಥನು ಇಂತಹ ವೆಚ್ಚಕ್ಕೆ ಮೊದಲು ರೋಗದ ಮೂಲವನ್ನು ತಿಳಿಯುವುದು ಲೇಸು.

ಆಟವೆಂದೊಡನೆ ಮೂಗು ಮುರಿಯುವ ಹಿರಿಯರುಂಟು. ಆದರೆ ಇದೂ ಒಂದು ಉದ್ಯಮವಾಗಿ ಬೆಳೆದಿದೆ. 1997ರಲ್ಲಿಯೇ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಆಟ ತಯಾರಿಕಾ ಸಂಸ್ಥೆ ಆರಂಭವಾಯಿತು. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆ ಕೊಂಡುಕೊಂಡಿತು.

ಕಾರ್ಯ ನಡೆಯುವ ಬಗೆ

ಸಿನಿಮಾದಂತೆ ಆಟವೂ ಸ್ಥಿರಚಿತ್ರಗಳ ಸರಣಿಯೇ ಆಗಿದೆ. ಆದರೆ ಸಿನಿಮಾದ ಚಿತ್ರಗಳು ಮೊದಲೇ ಸಿದ್ಧವಾಗಿರುತ್ತವೆ. ಆಟದ ಚಿತ್ರಗಳನ್ನು ಯಂತ್ರವು ಆಯಾ ಕ್ಷಣದಲ್ಲಿಯೇ ರಚಿಸಬೇಕು. ಸೆಕೆಂಡಿಗೆ 60 ಚಿತ್ರಗಳು ಬೇಕಾದರೆ ಒಂದೊಂದಕ್ಕೂ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡು ಮಾತ್ರ. 30 ಸಾಕೆಂದರೆ 33.3 ಮಿಲಿಸೆಕೆಂಡು. ಈ ಅವಧಿಯಲ್ಲಿ ಪ್ರೊಸೆಸರ್ ಆಟದ ಆಗುಹೋಗುಗಳನ್ನು ಲೆಕ್ಕ ಹಾಕುತ್ತದೆ, ಗ್ರಾಫಿಕ್ಸ್ ಘಟಕವು ಚಿತ್ರ ಬರೆಯುತ್ತದೆ, ರ್‍ಯಾಮ್ ಮತ್ತು ಡಿಸ್ಕ್‌ಗಳು ಬೇಕಾದ ಸಾಮಗ್ರಿಯನ್ನು ಒದಗಿಸುತ್ತವೆ. ಇವುಗಳಲ್ಲಿ ಒಂದು ಹಿಂದುಳಿದರೂ ಉಳಿದವು ಕಾಯಬೇಕಾಗುತ್ತದೆ.

ನಮ್ಮ ಲೋಕಲ್ ಗಾಡಿಯ ಪ್ರಯಾಣಿಕರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕಲ್ಯಾಣ ಮತ್ತು ದಿವಾ ನಡುವೆ, ಹಾಗೆಯೇ ಥಾಣೆ ಮತ್ತು ಕುರ್ಲಾ ನಡುವೆ ಐದನೆಯ, ಆರನೆಯ ಹಳಿಗಳು ಇದ್ದರೂ, ಮಧ್ಯದ ಥಾಣೆ-ದಿವಾ ಭಾಗದಲ್ಲಿ 2022ರ ಫೆಬ್ರುವರಿಯವರೆಗೆ ಅವು ಇರಲಿಲ್ಲ. ದೂರದೂರಿನ ಗಾಡಿಗಳೂ ಲೋಕಲ್‌ಗಳೂ ಅಲ್ಲಿ ಅದೇ ಹಳಿಗಳನ್ನು ಹಂಚಿಕೊಳ್ಳಬೇಕಾಗಿತ್ತು. ಆ ಕಾಲದಲ್ಲಿ ಕಲ್ಯಾಣ ನಿಲ್ದಾಣದಲ್ಲಿ ಎಷ್ಟು ಪ್ಲಾಟ್‌ಫಾರ್ಮ್ ಕಟ್ಟಿದ್ದರೂ ಆ ಇಕ್ಕಟ್ಟು ನೀಗುತ್ತಿರಲಿಲ್ಲ. ಗಣಕಯಂತ್ರದಲ್ಲಿಯೂ ಇಕ್ಕಟ್ಟು ಎಲ್ಲಿದೆಯೆಂದು ಅರಿಯದೆ ಹಣ ಸುರಿಯುವುದು ವ್ಯರ್ಥ.

ಖರ್ಚಿಲ್ಲದ ಪರೀಕ್ಷೆಗಳು

ವೈದ್ಯರು ನಾಡಿ ನೋಡುವಂತೆ ಯಂತ್ರದ ಸ್ಥಿತಿಯನ್ನು ನೋಡಲು ವಿಂಡೋಸ್‌ನಲ್ಲಿಯೇ ಸಾಧನವಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಆಟ ನಡೆಯುತ್ತಿರುವಾಗ ಅದರ ಪರ್ಫಾರ್ಮೆನ್ಸ್ ಪುಟವನ್ನು ಗಮನಿಸಬೇಕು. ರ್‍ಯಾಮ್ ಪೂರ್ತಿ ತುಂಬಿ ಡಿಸ್ಕ್ ಶೇಕಡ 100 ದುಡಿಯುತ್ತಿದ್ದರೆ ನೆನಪಿನ ಸ್ಥಳವೇ ಸಾಲದೆಂದು ತಿಳಿಯಬೇಕು. ಗ್ರಾಫಿಕ್ಸ್ ಘಟಕವು ಸತತವಾಗಿ ಶೇಕಡ 95ನ್ನು ಮೀರಿದ್ದರೆ ಭಾರ ಅದರ ಮೇಲಿದೆ. ಪ್ರೊಸೆಸರಿನ ಅಂಕಿಯನ್ನು ಮಾತ್ರ ಎಚ್ಚರದಿಂದ ಓದಬೇಕು. ನಾಲ್ಕು ಕೋರ್‌ಗಳಲ್ಲಿ ಒಂದು ಪೂರ್ಣ ದಣಿದಿದ್ದರೂ ಒಟ್ಟು ಅಂಕಿ 30 ಅಥವಾ 40 ಎಂದು ತೋರಬಹುದು.

ಸಂದೇಹ ಉಳಿದರೆ ಇನ್ನೊಂದು ಪರೀಕ್ಷೆಯಿದೆ. ಆಟದ ರೆಸಲ್ಯೂಶನನ್ನು 1920×1080ರಿಂದ 1280×720ಕ್ಕೆ ಇಳಿಸಬೇಕು. ಮೊದಲನೆಯದರಲ್ಲಿ 20,73,600 ಬಿಂದುಗಳಿದ್ದರೆ ಎರಡನೆಯದರಲ್ಲಿ 9,21,600 ಮಾತ್ರ. ಇದರಿಂದ ಆಟ ಸರಾಗವಾದರೆ ಗ್ರಾಫಿಕ್ಸ್ ಘಟಕದ ಮೇಲೆ ಭಾರ ಹೆಚ್ಚಾಗಿತ್ತೆಂದು ಸಿದ್ಧವಾಯಿತು. ಏನೂ ವ್ಯತ್ಯಾಸವಾಗದಿದ್ದರೆ ತೊಡಕು ಪ್ರೊಸೆಸರ್ ಅಥವಾ ರ್‍ಯಾಮ್‌ನಲ್ಲಿದೆ. ಹೊಸ ಗ್ರಾಫಿಕ್ಸ್ ಕಾರ್ಡ್ ಕೊಂಡರೂ ಫಲವಿಲ್ಲ.

ಇದರೊಡನೆ ಕೆಲವು ಸಣ್ಣ ಸಂಗತಿಗಳನ್ನು ನೋಡಬೇಕು. ಮೇಜಿನ ಯಂತ್ರದಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೂ ಮಾನಿಟರಿನ ಕೇಬಲ್ ಮದರ್‌ಬೋರ್ಡಿಗೆ ಸಿಕ್ಕಿಸಲ್ಪಟ್ಟಿರುವುದುಂಟು; ಆಗ ಕಾರ್ಡ್ ಸುಮ್ಮನೆ ಕುಳಿತಿರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದು ಕಂಡರೆ ತಕ್ಕ ಡ್ರೈವರ್ ಇಲ್ಲವೆಂದೇ ಅರ್ಥ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುವಾಗ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆಯಾದ್ದರಿಂದ ಆಟದ ವೇಳೆ ವಿದ್ಯುತ್ ಸಂಪರ್ಕವಿರಲಿ. ಹಿನ್ನೆಲೆಯಲ್ಲಿ ತೆರೆದಿರುವ ಬ್ರೌಸರ್ ಮುಂತಾದುವನ್ನು ಮುಚ್ಚಬೇಕು.

ಆಟದೊಳಗಿನ ಆಯ್ಕೆಗಳಲ್ಲಿ ಮೊದಲು ನೆರಳುಗಳನ್ನೂ, ಆ ಬಳಿಕ ಪ್ರತಿಬಿಂಬ ಮತ್ತು ಅಂಚುಗಳ ನಯಗೊಳಿಸುವಿಕೆಯನ್ನೂ ತಗ್ಗಿಸಬೇಕು. ಪ್ರೊಸೆಸರ್ ದಣಿದಿದ್ದರೆ ಜನಸಂದಣಿ ಮತ್ತು ದೃಷ್ಟಿಯ ದೂರವನ್ನು ಕಡಿಮೆ ಮಾಡಬೇಕು. ವೇಗವನ್ನು 30 ಚಿತ್ರಗಳಿಗೆ ಮಿತಗೊಳಿಸಿದರೆ, ಏರಿಳಿಯುವ 45ಕ್ಕಿಂತ ಅದು ಕಣ್ಣಿಗೆ ಹಿತವಾಗಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ಜ್ವರ ಮತ್ತು ಧೂಳು

ಮೊದಲ ಹತ್ತು ನಿಮಿಷ ಚೆನ್ನಾಗಿ ನಡೆದು ಅನಂತರ ಆಟ ಕುಂಟತೊಡಗಿದರೆ ಅದು ಜ್ವರದ ಲಕ್ಷಣ. ಪ್ರೊಸೆಸರುಗಳು ಸಾಮಾನ್ಯವಾಗಿ 90ರಿಂದ 100 ಡಿಗ್ರಿ ಸೆಲ್ಸಿಯಸ್ ಶಾಖ ತಲುಪಿದಾಗ ಸುಟ್ಟುಹೋಗದಂತೆ ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಕಟ್ಟಡ ಕಾಮಗಾರಿಗಳ ಧೂಳು, ಏಪ್ರಿಲ್-ಮೇ ತಿಂಗಳ ಸೆಕೆ, ಮಳೆಗಾಲದ ತೇವ ಇವು ನಮ್ಮ ಪರಿಸರದಲ್ಲಿ ಎಲ್ಲರಿಗೂ ಪರಿಚಿತ. ತೇವದಿಂದ ಅಂಟಾದ ಧೂಳು ಫ್ಯಾನಿನ ಹಿಂದಿನ ಲೋಹದ ರೆಕ್ಕೆಗಳಲ್ಲಿ ಕುಳಿತು ಗಾಳಿಯ ಹಾದಿಯನ್ನು ಕಟ್ಟುತ್ತದೆ.

ಯಂತ್ರವನ್ನು ಆರಿಸಿ, ವಿದ್ಯುತ್ ತಂತಿಯನ್ನು ಕಿತ್ತು, ಮೆತ್ತನೆಯ ಕುಂಚ ಹಾಗೂ ಗಾಳಿಯೂದುವ ಸಾಧನದಿಂದ ಧೂಳನ್ನು ತೆಗೆಯಬೇಕು. ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆಹಿಡಿಯಬೇಕು. ಒದ್ದೆ ಬಟ್ಟೆಯನ್ನು ಒಳಗೆ ಎಂದೂ ಬಳಸಬಾರದು. ಪ್ರೊಸೆಸರಿಗೂ ಅದರ ತಂಪುಗಾರಕ್ಕೂ ನಡುವಣ ಪೇಸ್ಟ್ ವರ್ಷಗಳಲ್ಲಿ ಒಣಗುತ್ತದೆ. ಅದನ್ನು ಬದಲಿಸಲು ತಿಳಿದವರ ನೆರವು ಪಡೆಯಬಹುದು. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಆಡಿದರೆ ಗಾಳಿಕಿಂಡಿಗಳು ಮುಚ್ಚಿಹೋಗುತ್ತವೆ. ಬ್ಯಾಟರಿ ಉಬ್ಬಿ ಕೀಲಿಮಣೆ ಮೇಲೆದ್ದಂತೆ ಕಂಡರೆ ಬಳಕೆಯನ್ನು ಕೂಡಲೇ ನಿಲ್ಲಿಸಬೇಕು. ಅಂತಹ ಬ್ಯಾಟರಿಗೆ ಬೆಂಕಿ ಹೊತ್ತುವ ಅಪಾಯವಿದೆ.

ಹಣ ತೆರುವ ಮುನ್ನ

ಇಷ್ಟಾದರೂ ಗುಣ ಕಾಣದಿದ್ದಾಗ ಮಾತ್ರ ಖರ್ಚಿನ ವಿಚಾರ. ಪ್ರತ್ಯೇಕ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಗ್ರಾಫಿಕ್ಸ್ ಘಟಕವು ರ್‍ಯಾಮ್‌ನ ಭಾಗವನ್ನೇ ಕಡ ಪಡೆಯುವುದರಿಂದ, 4 ಜಿಬಿಯ ಒಂದು ಪಟ್ಟಿಯ ಜೊತೆಗೆ ಅಂತಹದೇ ಇನ್ನೊಂದನ್ನು ಸೇರಿಸಿದರೆ ಸ್ಥಳವೂ ಇಮ್ಮಡಿ, ಸಾಮಗ್ರಿ ಹರಿಯುವ ಹಾದಿಯೂ ಇಮ್ಮಡಿ. ಹಳೆಯ ಹಾರ್ಡ್ ಡಿಸ್ಕಿಗೆ ಬದಲು ಎಸ್.ಎಸ್.ಡಿ. ಹಾಕಿದರೆ ಆಟ ಬೇಗ ತೆರೆಯುತ್ತದೆ, ನಡುನಡುವೆ ತಡೆಯುವುದೂ ಕಡಿಮೆಯಾಗುತ್ತದೆ. ಆದರೆ ಚಿತ್ರ ಬರೆಯುವ ವೇಗ ಅದರಿಂದ ಹೆಚ್ಚದು. ಗ್ರಾಫಿಕ್ಸ್ ಕಾರ್ಡ್ ಕೊಳ್ಳುವುದಾದರೆ ಪವರ್ ಸಪ್ಲೈ ಅದನ್ನು ತಾಳಬಲ್ಲುದೇ ಎಂದು ಮೊದಲು ನೋಡಬೇಕು. ಮದರ್‌ಬೋರ್ಡಿನ ಸ್ಲಾಟ್ ಗರಿಷ್ಠ 75 ವಾಟ್ ಮಾತ್ರ ನೀಡಬಲ್ಲದು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಅಗ್ಗವಾಗಿ ಸಿಗುವ ಬಳಸಿದ ಕಾರ್ಡಿನ ಪೀಳಿಗೆಯನ್ನೂ ಕೇಳಿ ತಿಳಿಯಬೇಕು. ಎನ್ವಿಡಿಯಾ ಸಂಸ್ಥೆಯು ಕೆಪ್ಲರ್ ಪೀಳಿಗೆಯ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರ್ ನೀಡುವುದನ್ನು 2021ರಲ್ಲಿಯೇ ನಿಲ್ಲಿಸಿದೆ.

ಉಳಿತಾಯಕ್ಕೆ ಅಪಾಯ

ಆಟದ ವೇಗಕ್ಕಿಂತ ದೊಡ್ಡ ವಿಷಯವೊಂದುಂಟು. ಯಂತ್ರ ನಿಧಾನವಾಯಿತೆಂದು ಬೇಸತ್ತ ಮಕ್ಕಳು ‘ವೇಗವರ್ಧಕ’, ‘ಡ್ರೈವರ್ ಅಪ್‌ಡೇಟರ್’ ಮುಂತಾದ ಹೆಸರಿನ ಉಚಿತ ತಂತ್ರಾಂಶಗಳನ್ನೂ, ಬೀಗ ಮುರಿದ ಆಟಗಳನ್ನೂ ಸಿಕ್ಕಲ್ಲಿಂದ ಇಳಿಸಿಕೊಳ್ಳುತ್ತಾರೆ. ಇವುಗಳೊಳಗೆ ಒತ್ತಿದ ಕೀಲಿಗಳನ್ನೂ ಗುಪ್ತಪದಗಳನ್ನೂ ಕದ್ದು ಕಳುಹಿಸುವ ತಂತ್ರಾಂಶ ಅಡಗಿರಬಹುದು. ತಂದೆಯ ಬ್ಯಾಂಕ್ ಖಾತೆ ತೆರೆಯುವುದೂ ಅದೇ ಯಂತ್ರದಲ್ಲಿ ಎಂಬುದನ್ನು ಮರೆಯಲಾಗದು. ಡ್ರೈವರನ್ನು ತಯಾರಕರ ತಾಣದಿಂದ ಅಥವಾ ವಿಂಡೋಸ್ ಅಪ್‌ಡೇಟ್ ಮೂಲಕವೇ ಪಡೆಯಬೇಕು. ಮಕ್ಕಳಿಗೆ ಅಡ್ಮಿನಿಸ್ಟ್ರೇಟರ್ ಅಧಿಕಾರವಿಲ್ಲದ ಬೇರೆ ಬಳಕೆದಾರ ಖಾತೆ ಇರಲಿ. ಸಾಧ್ಯವಾದರೆ ಹಣದ ವ್ಯವಹಾರಕ್ಕೆ ಬೇರೆ ಸಾಧನವೇ ಇರಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ ಈ ಎಚ್ಚರ ಇನ್ನಷ್ಟು ಅಗತ್ಯ. ಖಾತೆಯಿಂದ ಹಣ ಹೋದುದು ಕಂಡರೆ ತಡಮಾಡದೆ ಬ್ಯಾಂಕಿಗೂ 1930 ಸಂಖ್ಯೆಯ ಸಹಾಯವಾಣಿಗೂ ತಿಳಿಸಬೇಕು.

ಎಷ್ಟೇ ಶುಶ್ರೂಷೆ ಮಾಡಿದರೂ ಇತ್ತೀಚಿನ ಕೆಲವು ಆಟಗಳು ಹಳೆಯ ಯಂತ್ರದಲ್ಲಿ ನಡೆಯುವುದಿಲ್ಲ. ಅವು ಬಯಸುವ ಸೌಕರ್ಯಗಳೇ ಆ ಗ್ರಾಫಿಕ್ಸ್ ಘಟಕದಲ್ಲಿ ಇರುವುದಿಲ್ಲ. ಆದುದರಿಂದ ಆಟವನ್ನು ಕೊಳ್ಳುವ ಮೊದಲು ಅದರ ಕನಿಷ್ಠ ಅಗತ್ಯಗಳ ಪಟ್ಟಿಯನ್ನು ಮಗನೊಡನೆ ಕುಳಿತು ಓದಬೇಕು. ಒಂದು ಭಾನುವಾರ ತಂದೆ ಮಕ್ಕಳು ಸೇರಿ ಮೇಲಿನ ಪರೀಕ್ಷೆಗಳನ್ನು ಕ್ರಮವಾಗಿ ಮಾಡಿ, ಕಂಡ ಅಂಕಿಗಳನ್ನು ಕಾಗದದಲ್ಲಿ ಬರೆದಿಟ್ಟರೆ, ಅಂಗಡಿಯ ಮುಂದೆ ನಿಂತಾಗ ಏನನ್ನು ಕೇಳಬೇಕೆಂಬುದು ಇಬ್ಬರಿಗೂ ತಿಳಿದಿರುತ್ತದೆ.