ಡೊಂಬಿವಲಿಯಿಂದ ಕೊರಿಯಾಕ್ಕೆ ಸ್ಲೋ ಲೋಕಲ್

ಕತ್ತರಿ ಮಾರಾಯ್ರೆ, ಊಟದ ಮೇಜಿನ ಮೇಲೆ ಕತ್ತರಿ! ಸ್ಟೀಲಿನ ಚಮಚ, ಸ್ಟೀಲಿನ ಕಡ್ಡಿ, ಅವುಗಳ ಪಕ್ಕದಲ್ಲೇ ದರ್ಜಿಯ ಅಂಗಡಿಯಿಂದ ತಪ್ಪಿಸಿಕೊಂಡು ಬಂದಂಥ ದೊಡ್ಡ ಕತ್ತರಿ. ಬಡಿಸುವ ಹುಡುಗ ಬಂದವನೇ ಎಲೆಕೋಸಿನ ಉದ್ದುದ್ದ ದಳಗಳನ್ನು ಇಕ್ಕಳದಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಕಚಕಚ ಕತ್ತರಿಸಿ ಬಟ್ಟಲಿಗೆ ಬೀಳಿಸಿದ. ಮಾಂಸಕ್ಕೂ ಅದೇ ಕತ್ತರಿ, ಶಾವಿಗೆಗೂ ಅದೇ ಕತ್ತರಿಯಂತೆ. ಅಡುಗೆಮನೆಯ ಕತ್ತರಿ ಹಾಲಿನ ಪ್ಯಾಕೆಟ್ಟಿಗೆ ಮಾತ್ರ ಎಂದುಕೊಂಡು ಬದುಕಿದ್ದ ನಾವು ಕಣ್ಣು ಬಾಯಿ ಬಿಟ್ಟುಕೊಂಡು ನೋಡಿದೆವು.

ಅಷ್ಟರಲ್ಲಿ ಇನ್ನೊಂದು ಬೆರಗು. ನಾವು ಹೇಳಿದ್ದು ಒಂದೆರಡು ಐಟಂ. ಅವು ಬರುವ ಮೊದಲೇ ಮೇಜಿನ ತುಂಬ ಪುಟ್ಟ ಪುಟ್ಟ ಬಟ್ಟಲುಗಳು ಬಂದು ಕೂತವು. ಕಿಮ್ಚಿ, ಎಳ್ಳೆಣ್ಣೆ ಸವರಿದ ಪಾಲಕ್ ಸೊಪ್ಪು, ಸೋಯಾ ಮೊಳಕೆ, ಹುಳಿಸಿಹಿ ಮೂಲಂಗಿ, ಸೋಯಾ ಸಾಸಿನಲ್ಲಿ ಬೆಂದು ಕಂದುಬಣ್ಣಕ್ಕೆ ತಿರುಗಿದ ಬಟಾಟೆ. "ಇದೆಲ್ಲ ನಾವು ಹೇಳಿದ್ದಲ್ಲ ಅಲ್ವಾ? ಬಿಲ್ಲು ನೋಡಿಕೋ ಮತ್ತೆ" ಎಂದು ನಮ್ಮ ಅತ್ತೆ ತಮ್ಮ ಮಗನಿಗೆ ಎಚ್ಚರಿಕೆ ಕೊಟ್ಟರು. ಹುಡುಗ ನಕ್ಕ. ಇದಕ್ಕೆ ದುಡ್ಡಿಲ್ಲ ಆಂಟಿ, ಮುಗಿದರೆ ಇನ್ನೂ ತರ್ತೇನೆ ಎಂದ. ಇವಕ್ಕೆ ಬಾನ್‌ಚಾನ್ ಎನ್ನುತ್ತಾರೆ. ಎಲೆಯ ತುದಿಯಿಂದ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಂದು ಸಾಲಾಗಿ ಬಡಿಸಿ, ನಡುವೆ ಅನ್ನಕ್ಕೆ ಜಾಗ ಬಿಡುವ ನಮ್ಮ ಊಟಕ್ಕೆ ಯಾರೋ ಬಟ್ಟಲುಗಳನ್ನು ತೊಡಿಸಿದ ಹಾಗಿತ್ತು. ಅತ್ತೆಗೆ ಧೈರ್ಯ ಬಂತು. ಪಾಲಕ್ ಎರಡನೇ ಸಲ ತರಿಸಿದರು.

ತಮಾಷೆ ನೋಡಿ. ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಕಾಲದಿಂದ ಸಾರು, ಹುಳಿ, ಗೊಜ್ಜುಗಳ ಕ್ರಮವನ್ನು ಈ ಮಹಾನಗರಕ್ಕೆ ಕಲಿಸಿದವರು ನಮ್ಮ ಊರಿನವರು. ಇಡ್ಲಿಯನ್ನು ಹೇಗೆ ಮುರಿಯಬೇಕು ಎಂದು ಮರಾಠಿ, ಗುಜರಾತಿ ಗಿರಾಕಿಗಳು ಅವರನ್ನು ನೋಡಿ ಕಲಿತಿರಬೇಕು. ಅವರ ಮೊಮ್ಮಕ್ಕಳು, ಮರಿಮಕ್ಕಳು ಈಗ ಥಾಣೆ, ಡೊಂಬಿವಲಿ, ಕಲ್ಯಾಣ್, ನೆರೂಲ್‌ಗಳಲ್ಲಿ ಫ್ಲ್ಯಾಟ್ ಮಾಡಿಕೊಂಡು, ಮಕ್ಕಳ ಹಟಕ್ಕೆ ಕೊರಿಯನ್ ಹೋಟೆಲಿಗೆ ಹೋಗಿ, ಯಾವ ಬಟ್ಟಲಿಗೆ ಮೊದಲು ಕೈ ಹಾಕುವುದೆಂದು ತಿಳಿಯದೆ ಪಕ್ಕದ ಮೇಜಿನವರನ್ನು ಕದ್ದು ನೋಡುತ್ತಿದ್ದಾರೆ!

ಮಕ್ಕಳ ಹಟ ಎಂದೆನಲ್ಲ, ಅದು ಲಾಕ್‌ಡೌನಿನ ಬಳುವಳಿ. ಮನೆಯಲ್ಲಿ ಕೂಡಿಹಾಕಿಕೊಂಡ 2020ರಲ್ಲಿ ಕೊರಿಯನ್ ಧಾರಾವಾಹಿಗಳು ಮನೆಗೆ ಹೊಕ್ಕವು, ಮರುವರ್ಷ 'ಸ್ಕ್ವಿಡ್ ಗೇಮ್' ಬಂತು. ಆಮೇಲೆ ಸೂಪರ್‌ಮಾರ್ಕೆಟಿನ ಕಪಾಟಿನಲ್ಲಿ ಬೆಂಕಿ ಉಗುಳುವ ಕೋಳಿಯ ಚಿತ್ರದ ನೂಡಲ್ಸ್, ಸ್ಟೇಷನ್ ರಸ್ತೆಯ ಗಾಡಿಗಳಲ್ಲಿ 'ಕೊರಿಯನ್ ಚೀಸ್ ಬನ್'. ಡೊಂಬಿವಲಿ, ಕಲ್ಯಾಣ್ ಕಡೆ ಕಾಲೇಜು ಮಕ್ಕಳು ತುಂಬಿದ ಕೆಫೆಗಳಲ್ಲಿ ಪ್ಯಾಕೆಟ್ ಒಡೆದು ನೀವೇ ಬೇಯಿಸಿಕೊಳ್ಳುವ ರಾಮ್ಯನ್ ನೂಡಲ್ಸ್ ಉಂಟು. ಅದು ಚೆನ್ನಾಗಿಯೇ ಇರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಚೀಸ್ ಬನ್ ತಿಂದು ಕೊರಿಯಾದ ಊಟ ಗೊತ್ತಾಯಿತು ಎನ್ನುವವರು ಬ್ರೆಡ್ ಪಕೋಡ ತಿಂದು ಭಾರತದ ಊಟ ಗೊತ್ತಾಯಿತು ಎಂದ ಹಾಗೆ. ಕೂತು ಉಣ್ಣಬೇಕಾದರೆ ಥಾಣೆಯಲ್ಲಿಳಿದು ಘೋಡ್‌ಬಂದರ್ ರಸ್ತೆಯ ಕಡೆ ಹೋಗಬೇಕು, ಇಲ್ಲವೇ ಟ್ರಾನ್ಸ್-ಹಾರ್ಬರ್ ಗಾಡಿ ಹಿಡಿದು ವಾಶಿಯ ಕಡೆಗೆ. ಅಂದ ಹಾಗೆ ನವಿಮುಂಬಯಿಗೂ ಕೊರಿಯಾಕ್ಕೂ ಊಟದಾಚೆಗೂ ನಂಟಿದೆ. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವಿನ ಒಂದು ಭಾಗವನ್ನು ಟಾಟಾ ಪ್ರಾಜೆಕ್ಟ್ಸ್ ಜೊತೆ ಸೇರಿ ಕಟ್ಟಿದ್ದು ಕೊರಿಯಾದ ದೇವೂ ಕಂಪೆನಿ. ಇನ್ನೂ ತೆಂಕಕ್ಕೆ ಹೋದರೆ ರಾಯಗಡ ಜಿಲ್ಲೆಯ ಮಾಣಗಾಂವ್ ತಾಲೂಕಿನಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆ.

ಈಗ ಕಿಮ್ಚಿಗೆ ಬರೋಣ. ಆ ಕೆಂಪು! ನೋಡಿದ ಕೂಡಲೇ ನೀರಿನ ಲೋಟ ಹತ್ತಿರ ಎಳೆದುಕೊಂಡೆ. ಬಾಯಿಗಿಟ್ಟರೆ ಮೊದಲು ಹುಳಿ, ಆಮೇಲೆ ಬೆಳ್ಳುಳ್ಳಿ, ಶುಂಠಿ, ಎಲೆಕೋಸಿನ ದಂಟಿನ ಕಟುಂ ಎನ್ನುವ ಸದ್ದು. ಖಾರ ಮಾತ್ರ ಕೊನೆಗೆ, ಅದೂ ಹದವಾಗಿ. ಕಣ್ಣಿಗೆ ಇಷ್ಟೊಂದು ಬಣ್ಣ, ನಾಲಗೆಗೆ ಇಷ್ಟೇ ಖಾರ! ಇದು ನಮಗೆ ಗೊತ್ತಿಲ್ಲದ ಜಾದೂ ಏನಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನ ಗುಟ್ಟೂ ಇದೇ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಮುದುಡಿದ ಮೆಣಸನ್ನು ನಾವು ಗಸಿಗೆ, ಸಾರಿನ ಪುಡಿಗೆ ಹಾಕುವುದು ಬಣ್ಣಕ್ಕೆಂದೇ ತಾನೆ? ಕೊರಿಯಾದವರು ಅವರ ಮೆಣಸನ್ನು ಬಿಸಿಲಿಗೆ ಒಣಗಿಸಿ, ಬೀಜ ಉದುರಿಸಿ, ತರಿತರಿಯಾಗಿ ಪುಡಿ ಮಾಡುತ್ತಾರೆ. ಹೆಸರು ಗೋಚುಗಾರು.

ಇನ್ನೂ ಕೇಳಿ. ಈ ಮೆಣಸು ನಮ್ಮದೂ ಅಲ್ಲ, ಅವರದೂ ಅಲ್ಲ! ಎರಡೂ ಅಮೆರಿಕದಿಂದ ಹೊರಟ ಒಂದೇ ಗಿಡದ ಸಂತಾನ. ಪೋರ್ಚುಗೀಸರ ಹಡಗು ಹತ್ತಿ ಗೋವೆಗೆ ಬಂದದ್ದು ನಮ್ಮ ಘಟ್ಟ ಹತ್ತಿ ಬ್ಯಾಡಗಿಯಾಯಿತು. ಪೂರ್ವಕ್ಕೆ ಹೋದದ್ದು ಹದಿನಾರನೇ ಶತಮಾನದ ಕೊನೆಯ ಹೊತ್ತಿಗೆ ಕೊರಿಯಾ ಮುಟ್ಟಿತು. 1614ರ ಒಂದು ಕೊರಿಯನ್ ಗ್ರಂಥದಲ್ಲಿ ಅದರ ಪ್ರಸ್ತಾಪ ಬರುತ್ತದೆ. ಅಲ್ಲಿಯವರೆಗೆ ಕಿಮ್ಚಿಗೆ ಮೆಣಸಿನ ಕೆಂಪೇ ಇರಲಿಲ್ಲ! ಇವತ್ತಿಗೂ ಮೆಣಸು ಹಾಕದ ಬಿಳಿ ಕಿಮ್ಚಿ ಮಾಡುತ್ತಾರೆ. ಚಳಿ ಶುರುವಾಗುವ ಹೊತ್ತಿಗೆ ಮನೆಮಂದಿ, ನೆರೆಕರೆಯವರು ಸೇರಿ ರಾಶಿ ರಾಶಿ ಎಲೆಕೋಸಿಗೆ ಉಪ್ಪು, ಮಸಾಲೆ ತುಂಬಿ ಇಡುವ ಪದ್ಧತಿಯನ್ನು ಯುನೆಸ್ಕೊ 2013ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಹಿಂದೆ ಮಣ್ಣಿನ ಜಾಡಿಗಳನ್ನು ನೆಲದಲ್ಲಿ ಹೂಳುತ್ತಿದ್ದರು. ಈಗ ಎಷ್ಟೋ ಮನೆಗಳಲ್ಲಿ ಕಿಮ್ಚಿಗೆಂದೇ ಬೇರೆ ಫ್ರಿಜ್ಜು. 2008ರಲ್ಲಿ ಕೊರಿಯಾದ ಮೊದಲ ಗಗನಯಾತ್ರಿ ಯಿ ಸೋ-ಯಾನ್ ಬಾಹ್ಯಾಕಾಶಕ್ಕೂ ಕಿಮ್ಚಿ ಒಯ್ದಳು. ಇದನ್ನು ಕೇಳಿ ನಮ್ಮ ಅತ್ತೆ, "ಮಿಡಿಮಾವಿನದ್ದನ್ನು ಯಾಕೆ ಯಾರೂ ಒಯ್ಯಲಿಲ್ಲ?" ಎಂದರು. ಇಸ್ರೋದವರೇ ಉತ್ತರಿಸಬೇಕು.

ಅತ್ತೆ ಸಸ್ಯಾಹಾರಿ. ಈರುಳ್ಳಿ, ಬೆಳ್ಳುಳ್ಳಿ ಬೇಡದ ದಿನಗಳೂ ಅವರ ಪಂಚಾಂಗದಲ್ಲಿ ಬೇಕಾದಷ್ಟಿವೆ. ಅವರಿಗೆ ಇಲ್ಲಿ ಜಾಗವಿಲ್ಲ ಎಂದೇ ನಾನು ತಿಳಿದಿದ್ದೆ. ಆದರೆ ಕೊರಿಯಾದ ಬೌದ್ಧ ಮಠಗಳಲ್ಲಿ ಬೇರೆಯೇ ಒಂದು ಅಡುಗೆಮನೆ ಉಂಟು. ಬೇಕ್ಯಾಂಗ್ಸಾ ಮಠದ ಸನ್ಯಾಸಿನಿ ಜ್ಯೊಂಗ್ ಕ್ವಾನ್ 2017ರಲ್ಲಿ 'ಶೆಫ್ಸ್ ಟೇಬಲ್' ಸರಣಿಯಲ್ಲಿ ಕಾಣಿಸಿಕೊಂಡ ಮೇಲೆ ಜಗತ್ತು ಅದರ ಕಡೆ ತಿರುಗಿ ನೋಡಿತು. ಮಾಂಸವಿಲ್ಲ, ಮೀನಿಲ್ಲ, ಬೆಳ್ಳುಳ್ಳಿಯಿಲ್ಲ, ಈರುಳ್ಳಿಯ ಜಾತಿಯ ಯಾವುದೂ ಇಲ್ಲ. ಉಡುಪಿ ಮಠದ ಭೋಜನಶಾಲೆಗೂ ಒಪ್ಪುವ ನಿಯಮ! ಎಂದು ನಾವು ಕುಣಿದಾಡುವಷ್ಟರಲ್ಲಿ ಒಂದು ತಿರುವು. ಬೌದ್ಧರು ಬೇಡವೆಂದ ಘಾಟಿನ ಪದಾರ್ಥಗಳು ಐದು. ಆ ಐದರಲ್ಲಿ ಒಂದು ಯಾವುದು ಗೊತ್ತೇ? ಇಂಗು! ಬೆಳ್ಳುಳ್ಳಿ ಬಿಟ್ಟವರು ನಾವು ಯಾವುದನ್ನು ಹಿಡಿದುಕೊಂಡೆವೋ ಅದನ್ನೇ ಅವರು ಬೆಳ್ಳುಳ್ಳಿಯ ಜೊತೆಗೇ ಹೊರಗಿಟ್ಟರು. ಕೊರಿಯಾದಲ್ಲಿ ಇಂಗು ಬೆಳೆಯುವುದೂ ಇಲ್ಲ. ಇಲ್ಲದ ಪದಾರ್ಥಕ್ಕೆ ಅಷ್ಟು ದೂರದಲ್ಲಿ ನಿಷೇಧ!

ಊರಿನ ಹೋಟೆಲುಗಳಲ್ಲಿ ಮಾತ್ರ ಕೇಳಿಯೇ ತಿನ್ನಬೇಕು. ಕಿಮ್ಚಿಗೆ ಸಾಮಾನ್ಯವಾಗಿ ಮೀನಿನ ಸಾಸ್ ಅಥವಾ ಉಪ್ಪಿನಲ್ಲಿ ಕೊಳೆಸಿದ ಸಿಗಡಿ ಬೀಳುತ್ತದೆ. ಸಾರಿನ ಬುಡದಲ್ಲಿ ಒಣಮೀನಿನ ನೀರಿರುತ್ತದೆ. 'ವೆಜ್' ಎಂದರೆ ಮೊಟ್ಟೆ ಸೇರಿಯೂ ಬರಬಹುದು. ನಮಗೆ ಇದನ್ನೆಲ್ಲ ತಾಳ್ಮೆಯಿಂದ ಬಿಡಿಸಿ ಹೇಳಿದವನು ಆ ಕತ್ತರಿಯ ಹುಡುಗ, ಮಣಿಪುರದವನು. ಅಲ್ಲಿನ ಉಗ್ರರು 2000ರಲ್ಲಿ ಹಿಂದಿ ಸಿನಿಮಾ ನಿಷೇಧಿಸಿದ ಮೇಲೆ ಆ ಖಾಲಿ ಜಾಗಕ್ಕೆ ಬಂದದ್ದು ಕೊರಿಯಾದ ಅರಿರಾಂಗ್ ಟಿವಿ. ಅಂದರೆ ನಮ್ಮ ಮಕ್ಕಳಿಗಿಂತ ಇಪ್ಪತ್ತು ವರ್ಷ ಮೊದಲೇ ಇಂಫಾಲದ ಮಕ್ಕಳು ಕೊರಿಯಾಕ್ಕೆ ಮರುಳಾಗಿದ್ದರು! ಸೋಯಾ ಹುಳಿಬರಿಸಿದ ದ್ವೆಂಜಾಂಗ್ ಸಾರಿನ ಘಾಟಿಗೆ ನಾನು ಮೂಗು ಮುರಿದಾಗ ಅವನು, ಇದು ನಮ್ಮೂರ ಹವಾಯ್‌ಜಾರ್‌ನ ಅಣ್ಣತಮ್ಮ ಅಷ್ಟೇ ಆಂಟಿ ಎಂದ. ಹುಳಿಬಂದ ಸೋಯಾ ನಮ್ಮ ದೇಶದ್ದೇ ಅಡುಗೆ, ನಮಗೇ ಗೊತ್ತಿರಲಿಲ್ಲ. ಸಾರು ಎರಡನೇ ಚಮಚಕ್ಕೆ ಒಗ್ಗಿತು. ನಾಲ್ಕನೆಯದಕ್ಕೆ ಬಟ್ಟಲು ನನ್ನ ಕಡೆ ಜರುಗಿತ್ತು.

ಬಿಬಿಂಬಾಪ್ ಬಂತು. ಕಾದ ಕಲ್ಲಿನ ಬಟ್ಟಲಿನಲ್ಲಿ ಅನ್ನ ಚುರುಚುರು ಎನ್ನುತ್ತಿದೆ, ಮೇಲೆ ಬಣ್ಣಕ್ಕೊಂದರಂತೆ ತರಕಾರಿ, ನಡುವೆ ಗೋಚುಜಾಂಗ್ ಗೊಜ್ಜು. ಕಲಸಬೇಕು, ಚೆನ್ನಾಗಿ ಕಲಸಬೇಕು, ಆದರೆ ತಳ ಮುಟ್ಟುವ ಮೊದಲು ಸ್ವಲ್ಪ ಕಾಯಬೇಕು. ತಳ ಹತ್ತಿದ ಆ ಗರಿಗರಿ ಅನ್ನಕ್ಕಾಗಿ ಅಪ್ಪ ಮಗಳ ನಡುವೆ ಜಗಳವೇ ಆಯಿತು. ಒಂದು ಬಟ್ಟಲಿನ ಬೆಲೆಗೆ ಉಡುಪಿ ಹೋಟೆಲಿನಲ್ಲಿ ಮನೆಮಂದಿಯೆಲ್ಲ ತಿಂಡಿ ಮುಗಿಸಬಹುದು, ನಿಜ. ತೊಕ್‌ಬೊಕ್ಕಿ ಎಂಬ ಅಕ್ಕಿಯ ಕೊಳವೆಗಳು ಮಗಳಿಗೆ ಪ್ರಾಣ. ನನ್ನ ಹಲ್ಲಿಗೆ ಅದು ರಬ್ಬರು, ಒಗ್ಗಿಸಿಕೊಳ್ಳುವ ಆಸೆಯೂ ಇಲ್ಲ. ಕಪ್ಪು ಗೊಜ್ಜಿನ ಜಾಜಾಂಗ್‌ಮ್ಯನ್ ಮಾತ್ರ ಬಿಡಬೇಡಿ. ಇಂಚಾನ್ ಬಂದರಿಗೆ ಬಂದ ಶಾಂಡಾಂಗ್‌ನ ಚೀನೀಯರು ಶುರುಮಾಡಿ, ಕೊರಿಯಾದವರು ತಮ್ಮದಾಗಿಸಿಕೊಂಡ ನೂಡಲ್ಸು ಅದು. ಚೀನೀ ಮನೆತನದ ನೆಲ್ಸನ್ ವಾಂಗ್ 1970ರ ದಶಕದಲ್ಲಿ ಮುಂಬಯಿಯಲ್ಲಿ ಹುಟ್ಟಿಸಿದ ಮಂಚೂರಿಯನ್, ಗೋಬಿಯ ವೇಷ ತೊಟ್ಟು ನಮ್ಮ ಶೆಟ್ಟರ ಹೋಟೆಲುಗಳಿಗೆ ಬಂದು ಕೂತಿದೆಯಲ್ಲ, ಅದೇ ಕಥೆ ಅಲ್ಲೂ!

ಕೊನೆಗೆ ಮಗಳು ಫೋನಿನಲ್ಲಿ ಇನ್ನೊಂದು ಚಿತ್ರ ತೋರಿಸಿದಳು. ಕೊಂಗುಕ್ಸು. ಬೇಸಗೆಯ ಊಟ. ನೆನೆಸಿ ಬೇಯಿಸಿದ ಸೋಯಾಕಾಳನ್ನು ರುಬ್ಬಿ ತೆಗೆದ ತಣ್ಣನೆಯ ಹಾಲು, ಅದರಲ್ಲಿ ಶಾವಿಗೆ, ಮೇಲೆ ಸೌತೆಕಾಯಿ, ತೇಲುವ ಐಸು. ಮೆನುವಿನಲ್ಲಿ ಇರಲಿಲ್ಲ. ಹುಡುಗ ಅಡುಗೆಯವರನ್ನು ಕೇಳಿ ಬಂದು, ಮೇ ತಿಂಗಳಲ್ಲಿ ಬನ್ನಿ, ನೋಡೋಣ ಎಂದ. ಕೊರಿಯಾದಲ್ಲಿ ಹೆಚ್ಚಿನವರು ಅದಕ್ಕೆ ಉಪ್ಪು ಹಾಕುತ್ತಾರೆ, ನೈಋತ್ಯದ ಜೊಲ್ಲಾ ಕಡೆಯವರು ಸಕ್ಕರೆ, ಇದರ ಮೇಲೆ ಅಲ್ಲಿ ವಾದವೇ ಇದೆ ಎಂದೂ ಮಗಳು ಓದಿ ಹೇಳಿದಳು.

ಅತ್ತೆ ಕನ್ನಡಕ ಏರಿಸಿಕೊಂಡು ಚಿತ್ರವನ್ನು ಹತ್ತಿರದಿಂದ ನೋಡಿದರು. "ಬೆಲ್ಲ ಹಾಕಿದರೆ ಆಗ್ತದಾ ಅಂತ ಆ ಹುಡುಗನ ಹತ್ರ ಕೇಳು" ಎಂದರು.