ದೂರ ಹೋದಾಗ ಕಂಡವರು

‘ಚಿತ್ರ ಕೆತ್ತೋದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಇಲ್ಲೇ ಕೂತು ಕೆತ್ತೋಕಾಗಲ್ವಾ?’

ವಿದೇಶದ ಕಲಾ ರೆಸಿಡೆನ್ಸಿಯೊಂದಕ್ಕೆ ಅರ್ಜಿ ತುಂಬುತ್ತಿದ್ದಾಗ ಅಮ್ಮ ಕೇಳಿದಳು. ಕೆಲವು ತಿಂಗಳು ಇರಲು ಕೋಣೆ, ಕೆಲಸಕ್ಕೆ ಸ್ಟುಡಿಯೊ, ಖರ್ಚಿಗೆ ಒಂದಿಷ್ಟು ದುಡ್ಡು ಕೊಡುತ್ತಾರೆ ಎಂದೆ. ಅವಳು ಕೇಳಿದ್ದು ಅದನ್ನಲ್ಲ ಎಂದು ನನಗೂ ಗೊತ್ತಿತ್ತು.

ಉತ್ತರ ಸಿಕ್ಕಿದ್ದು ಎಲಿಜಬೆತ್ ಕ್ಯಾಟ್ಲೆಟ್ ಅವರ ಬದುಕಿನಲ್ಲಿ. ಅವರ ‘ಶೇರ್‌ಕ್ರಾಪರ್’ ಚಿತ್ರವನ್ನು ತರಗತಿಯಲ್ಲಿ ಮೇಷ್ಟ್ರು ತೋರಿಸಿದ್ದರು. ಕೋರಿಗೆ ದುಡಿಯುವ ಕಪ್ಪು ಮಹಿಳೆ. ಅಗಲವಾದ ಟೋಪಿ, ಗುಂಡಿಯ ಜಾಗದಲ್ಲಿ ಸೇಫ್ಟಿ ಪಿನ್.

ಕ್ಯಾಟ್ಲೆಟ್ 1915ರಲ್ಲಿ ವಾಷಿಂಗ್ಟನ್‌ನಲ್ಲಿ ಹುಟ್ಟಿದವರು, ಗುಲಾಮರಾಗಿದ್ದವರ ಮೊಮ್ಮಗಳು. ಕಪ್ಪುವರ್ಣದವರೆಂದು ಪಿಟ್ಸ್‌ಬರ್ಗ್‌ನ ಕಾಲೇಜು ಅವರನ್ನು ಸೇರಿಸಿಕೊಳ್ಳಲಿಲ್ಲ. ಅಯೋವಾ ವಿಶ್ವವಿದ್ಯಾಲಯ ಸೀಟು ಕೊಟ್ಟಿತು, ಹಾಸ್ಟೆಲ್ ಕೊಡಲಿಲ್ಲ. 1946ರಲ್ಲಿ ರೋಸೆನ್ವಾಲ್ಡ್ ಫೆಲೋಶಿಪ್ ನೆರವಿನಿಂದ ಅವರು ಮೆಕ್ಸಿಕೊಗೆ ಹೋದರು.

ಅಲ್ಲಿ ‘ತಾಯೆರ್ ದೆ ಗ್ರಾಫಿಕಾ ಪಾಪ್ಯುಲರ್’ ಎಂಬ ಮುದ್ರಣ ಕಾರ್ಯಾಗಾರವಿತ್ತು. ಕಲಾವಿದರು ಒಟ್ಟಾಗಿ ಕಾರ್ಮಿಕ ಸಂಘಗಳಿಗೆ, ಸಾಕ್ಷರತೆಗೆ ಪೋಸ್ಟರ್‌ ಮಾಡುತ್ತಿದ್ದರು. ಲಿನೋಲಿಯಂ ಕೆತ್ತಿ ಅಚ್ಚು ತೆಗೆಯುವುದು ಅಗ್ಗ. ಒಂದೇ ಚಿತ್ರ ಹಲವು ಮನೆಗಳ ಗೋಡೆ ಸೇರಬಹುದು. ಅಲ್ಲಿ ಕೂತು ಕ್ಯಾಟ್ಲೆಟ್ ಕೆತ್ತಿದ್ದು ತಾವು ಬಿಟ್ಟುಬಂದ ದೇಶದ ಕಪ್ಪು ಮಹಿಳೆಯರನ್ನು: ಮನೆಗೆಲಸದವರು, ಹೊಲದವರು, ಗುಲಾಮಗಿರಿಯ ವಿರುದ್ಧ ಹೋರಾಡಿದ ಹ್ಯಾರಿಯೆಟ್ ಟಬ್‌ಮನ್. ಒಟ್ಟು 15 ಚಿತ್ರಗಳ ಸರಣಿ. ‘ಶೇರ್‌ಕ್ರಾಪರ್’ ಕೂಡ ನಂತರ, 1952ರಲ್ಲಿ, ಮೆಕ್ಸಿಕೊದಲ್ಲೇ ಹುಟ್ಟಿತು.

ಅದಕ್ಕೆ ಅವರು ಬೆಲೆಯನ್ನೂ ತೆತ್ತರು. ಅಲ್ಲೇ ಮದುವೆಯಾಗಿ, 1962ರಲ್ಲಿ ಮೆಕ್ಸಿಕೊ ಪೌರತ್ವ ಪಡೆದ ಅವರಿಗೆ ಅಮೆರಿಕ ‘ಅನಪೇಕ್ಷಿತ ವಿದೇಶಿ’ ಎಂಬ ಹಣೆಪಟ್ಟಿ ಹಚ್ಚಿತು. ಹುಟ್ಟಿದ ನೆಲಕ್ಕೆ ಹೋಗಲು ವರ್ಷಗಟ್ಟಲೆ ವೀಸಾ ಸಿಗಲಿಲ್ಲ. 1971ರಲ್ಲಿ ಹಾರ್ಲೆಮ್‌ನ ಸ್ಟುಡಿಯೊ ಮ್ಯೂಸಿಯಂನಲ್ಲಿ ಅವರ ಪ್ರದರ್ಶನ ನಡೆದಾಗಷ್ಟೇ ಬಾಗಿಲು ತೆರೆಯಿತು.

ನನ್ನ ಅರ್ಜಿಯಲ್ಲಿ ‘ಇಲ್ಲಿ ಏನು ಮಾಡಬೇಕೆಂದಿದ್ದೀರಿ?’ ಎಂಬ ಪ್ರಶ್ನೆ ಇತ್ತು. ಮೊದಲು ಆ ಊರಿನ ಹಳೆಯ ಕಟ್ಟಡಗಳ ಬಗ್ಗೆ ಬರೆದಿದ್ದೆ. ಅಳಿಸಿ, ‘ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ನನ್ನಮ್ಮನ ಕೈಗಳನ್ನು ಕೆತ್ತುತ್ತೇನೆ’ ಎಂದು ಬರೆದೆ.

ಓದಿ ಹೇಳಿದಾಗ ಅಮ್ಮ ನಕ್ಕಳು. ‘ನನ್ ಕೈ ನೋಡೋಕೆ ಅಷ್ಟು ದೂರ ಹೋಗ್ತೀಯಾ?’

‘ಇಷ್ಟು ದಿನ ಪಕ್ಕದಲ್ಲೇ ಇದ್ದೂ ನೋಡಿರ್ಲಿಲ್ವಲ್ಲಮ್ಮ’ ಎಂದೆ.